ಅಂಗೈಯಪ್ಪನ ಕಿವುಡು ಅಂಗೈ

ಮರಗೆಲಸದ ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆಯಿತ್ತು. ಮೇಜಾಗಲಿ, ಮಂಚವಾಗಲಿ, ಬರೀ ಒಂದು ಕುರ್ಚಿಯ ಕಾಲೇ ಆಗಲಿ, ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ, ಪಾಲಿಶ್ ಹಚ್ಚುವ ಮೊದಲು, ಪಾಲಿಶ್ ಮೇಸ್ತ್ರಿ ಅಂಗೈಯಪ್ಪನ ಅಂಗೈ ಅದರ ಮೇಲೆ ಒಂದು ಸಲ ಹರಿದಾಡಲೇಬೇಕು. ಅವನು ಬರುತ್ತಿದ್ದುದೂ ಒಂದು ಗತ್ತಿನಲ್ಲೇ. ಕನ್ನಡಕ ತೆಗೆದು ಜೇಬಿಗೆ ಇಳಿಸಿ, ಕಣ್ಣು ಮುಚ್ಚಿ, ಬಲಗೈಯನ್ನು ಪೂರ್ತಿ ಬಿಡಿಸಿ, ಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ. ಆಮೇಲೆ ಎರಡರಲ್ಲಿ ಒಂದು ಮಾತು. “ಹೋಗ್ಲಿ” ಎಂದರೆ ಪಾಲಿಶಿಗೆ ಹೋಗಲಿ. “ಇನ್ನೊಂದು ಕೈ” ಎಂದರೆ ಬಡಗಿ ಮತ್ತೆ ಉಪ್ಪುಕಾಗದ ಹಿಡಿದು ಕೂರಬೇಕು. ಈ ತೀರ್ಪಿಗೆ ಅಪೀಲಿಲ್ಲ. ಈಗಿನ ಓನರಿನ ಅಪ್ಪನ ಕಾಲದಿಂದಲೂ ಇರಲಿಲ್ಲ.

ಜಂಬ ಎಂದರೆ ಜಂಬವೇ, ಸುಮ್ಮನೆ ಯಾಕೆ ಮುಚ್ಚಿಡಬೇಕು. ಆದರೆ ಜಂಬ ಪಡುವಂಥ ಕೈಯೂ ಆಗಿತ್ತು ಅದು. ಒಮ್ಮೆ ಬಣ್ಣ ಒಣಗಿದ್ದ ಒಂದು ಕಪಾಟಿನ ಬಾಗಿಲ ಮೇಲೆ ಕೈಯಾಡಿಸಿ “ಇಲ್ಲೊಂದು ಕೂದಲಿದೆ” ಎಂದ. ಎಲ್ಲರೂ ಬಗ್ಗಿ ನೋಡಿದರು, ಬಲ್ಬು ಹಿಡಿದು ನೋಡಿದರು, ಏನೂ ಕಾಣಲಿಲ್ಲ. ಕೊನೆಗೆ ಲಂಬು ಅಲ್ಲಿ ಉಗುರಿನಿಂದ ಕೆರೆದ. ಬ್ರಷ್ಷಿನ ಒಂದು ಎಳೆ ಬಣ್ಣದ ಅಡಿಯಿಂದ ಎದ್ದು ಬಂತು. ಲಂಬು ಎಂದರೆ ಅಲ್ಲಿನ ಹಿರಿಯ ಬಡಗಿ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು. ಅವತ್ತು ತಲೆ ತಗ್ಗಿಸಿದ್ದು ಮಾತ್ರ ಬಾಗಿಲಿಗಲ್ಲ.

ಇಂಥ ಅಂಗೈ ಹೋದ ಚಳಿಗಾಲದಲ್ಲಿ ಕಿವುಡಾಯಿತು.

ಆಗದೆ ಏನು ಮಾಡೀತು ಹೇಳಿ. ಮೂವತ್ತನಾಲ್ಕು ವರ್ಷ ಮರದ ಹುಡಿ, ಅರಗು, ಸ್ಪಿರಿಟ್ಟು. ಸಂಜೆಯಾದರೆ ಕೈಗೆ ಹತ್ತಿದ ಪಾಲಿಶ್ ಹೋಗಲೆಂದು ಥಿನ್ನರಿನಲ್ಲಿ ಕೈ ತೊಳೆಯುವುದು, ಆ ಥಿನ್ನರಿನ ವಾಸನೆ ಹೋಗಲೆಂದು ಬಟ್ಟೆ ಸೋಪಿನಲ್ಲಿ ಇನ್ನೊಮ್ಮೆ ತೊಳೆಯುವುದು. ಅಂಗೈ ಒಣಗಿ, ದಪ್ಪಗಾಗಿ, ಬೆರಳ ಸಂದಿಗಳಲ್ಲಿ ಬಿರುಕು ಬಿಟ್ಟಿತು. ಒಂದು ದಿನ ಮಂಚದ ತಲೆಹಲಗೆಯ ಮೇಲೆ ಕೈ ಎಳೆದ. ಏನೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಎಳೆದ. ಮರ ತುಟಿ ಪಿಟಕ್ಕೆನ್ನಲಿಲ್ಲ. ಸುತ್ತ ನಾಲ್ಕು ಜನ ಅವನ ಬಾಯನ್ನೇ ನೋಡುತ್ತ ನಿಂತಿದ್ದರು. “ಹೋಗ್ಲಿ” ಎಂದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ ಅವನ ನಾಟಕ. ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆ ಸಂದಿಯಿಂದ ಬಡಗಿಯ ಮುಖ ನೋಡುವುದು. ಬಡಗಿ ಎದೆಯುಬ್ಬಿಸಿ ನಿಂತಿದ್ದರೆ “ಹೋಗ್ಲಿ”. ಎಂಜಲು ನುಂಗುತ್ತಿದ್ದರೆ “ಇನ್ನೊಂದು ಕೈ”. ಎರಡೂ ಗೊತ್ತಾಗದಿದ್ದರೆ, ಮೂರು ಸಾಮಾನಿಗೆ ಒಂದರಂತೆ ವಾಪಸು ಕಳಿಸುವುದು. ಹೀಗೆ ಮರ ಬಿಟ್ಟು ಮುಖ ಓದಿ ಸುಮಾರು ಒಂದು ವರ್ಷ ತಳ್ಳಿದ. ಪುಣ್ಯಕ್ಕೆ ಆ ಕಾರ್ಖಾನೆಯ ಬಡಗಿಗಳಿಗೆ ಮುಖದಲ್ಲಿ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

ಆದರೆ ಒಳಗೊಳಗೇ ಅವನು ಸೊರಗಿಹೋದ. ಊಟ ಸೇರುತ್ತಿರಲಿಲ್ಲ. ಅಂಗೈಯಪ್ಪನಿಂದ ಅಂಗೈ ತೆಗೆದರೆ ಇನ್ನೇನು ಉಳಿಯುತ್ತದೆ? ಬರೀ ಅಪ್ಪ. ಅಂಥವರು ಬೀದಿಗೆ ನೂರು ಜನ. ಕೆಲಸ ಹೋಗುವ ಭಯಕ್ಕಿಂತ, ಒಂದು ದಿನ ಲಂಬು ಬಂದು “ನೀವು ಕೂತ್ಕೊಳ್ಳಿ ಅಣ್ಣಾ, ನಾನು ನೋಡ್ತೀನಿ” ಅಂದುಬಿಟ್ಟರೆ ಎನ್ನುವ ಭಯ ಅವನನ್ನು ತಿನ್ನುತ್ತಿತ್ತು. ಆ ‘ಕೂತ್ಕೊಳ್ಳಿ’ಯನ್ನು ನೆನೆಸಿಕೊಂಡರೇ ಅವನಿಗೆ ಬೆವರು ಬರುತ್ತಿತ್ತು.

ಹೀಗಾಗಿ ಒಂದು ಶನಿವಾರ ಸಂಜೆ ಅವನು ಬೀದಿಯ ಮೂಲೆಯ ಔಷಧಿ ಅಂಗಡಿಗೆ ಹೋದ. ಆ ಅಂಗಡಿಯಾಕೆ ಮೂವತ್ತರ ಹೆಂಗಸು, ಕೇಳಿದ್ದನ್ನು ಕೊಟ್ಟು ಚಿಲ್ಲರೆ ಎಣಿಸಿ ಕಳಿಸುವ ಪೈಕಿಯಲ್ಲ. ತಲೆನೋವಿನ ಮಾತ್ರೆ ಕೇಳಿದರೂ ತಲೆಯ ಪೂರ್ವೋತ್ತರ ವಿಚಾರಿಸುತ್ತಿದ್ದಳು. ಸಾಲದ್ದಕ್ಕೆ ಅಂಗೈಯಪ್ಪನ ಹಿಂದೆ ಕಾರ್ಖಾನೆಯ ಲಾರಿ ಡ್ರೈವರೇ ಬಂದು ನಿಂತಿದ್ದ. ಅವನ ಕಿವಿಗೆ ಬಿದ್ದ ಮಾತು ಸೋಮವಾರದ ಹೊತ್ತಿಗೆ ಎಲ್ಲರ ಬಾಯಲ್ಲಿರುತ್ತಿತ್ತು. ಅಂಗೈಯಪ್ಪ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದ.

“ಒರಟು ಚರ್ಮಕ್ಕೆ ಏನಾದ್ರೂ ಕೊಡಮ್ಮ. ಜೋರಾಗಿರೋದು ಕೊಡು.”

“ಯಾವ ಜಾಗಕ್ಕೆ?”

“ಹಿಮ್ಮಡಿಗೆ.”

“ತೋರಿಸಿ, ನೋಡೋಣ.”

“ಮನೇಲಿದೆ.”

“ಹಿಮ್ಮಡೀನ ಮನೇಲಿಟ್ಟು ಬಂದ್ರಾ?”

ಡ್ರೈವರು ಕಿಸಕ್ಕನೆ ನಕ್ಕ. ಅಂಗೈಯಪ್ಪನ ಕಿವಿ ಕೆಂಪಾಯಿತು. “ನಂದಲ್ಲಮ್ಮ, ನನ್ನ ಹೆಂಡ್ತೀದು” ಎಂದ.

“ಬಿರುಕು ಬಿಟ್ಟಿದೆಯಾ? ರಕ್ತ ಗಿಕ್ತ ಬರುತ್ತಾ? ಸಕ್ಕರೆ ಕಾಯಿಲೆ ಇದೆಯಾ ಅವರಿಗೆ?”

“ಏನೂ ಇಲ್ಲ. ಚರ್ಮ ದಪ್ಪ, ಅಷ್ಟೇ.”

ಆಕೆ ಒಂದು ಟ್ಯೂಬು ತೆಗೆದಿಟ್ಟಳು. “ಇದರಲ್ಲಿ ಯೂರಿಯಾ ಇದೆ, ಹಿಮ್ಮಡಿಗೆ ಅಂತಲೇ ಮಾಡಿರೋ ಜೋರಿನ ಕ್ರೀಮು. ಬೇರೆ ಕಡೆ ಹಚ್ಚಬಾರದು. ಗಾಯ, ಬಿರುಕು ಇರೋ ಕಡೆ ಬೇಡವೇ ಬೇಡ. ತೆಳ್ಳಗೆ...”

“ತೆಳ್ಳಗೆ” ಎನ್ನುವ ಹೊತ್ತಿಗೆ ಅವನು ದುಡ್ಡು ಇಟ್ಟು ಬೀದಿಗೆ ಇಳಿದಾಗಿತ್ತು. “ಒಳಗೆ ಚೀಟಿ ಇದೆ, ಓದೋಕೆ ಹೇಳಿ ಅವರಿಗೆ!” ಎಂದು ಆಕೆ ಕೂಗಿದ್ದು ಡ್ರೈವರಿಗೆ ಕೇಳಿಸಿತು, ಇವನಿಗಿಲ್ಲ.

ಭಾನುವಾರ ಮಧ್ಯಾಹ್ನ ಹೆಂಡತಿ ತಂಗಿಯ ಮನೆಗೆ ಹೋದಳು. ಅಂಗೈಯಪ್ಪ ಬಚ್ಚಲುಮನೆಯ ಮಣೆಯ ಮೇಲೆ ಕೂತ. ಡಬ್ಬಿಯೊಳಗಿನ ಚೀಟಿ ಹದಿನಾರು ಮಡಿಕೆಯದು, ಅಕ್ಷರ ಇರುವೆ ಸಾಲು. ಅದನ್ನು ಬಿಡಿಸಿ, ಟ್ಯೂಬಿನ ಮೂತಿ ಒರೆಸಲು ಚೆನ್ನಾಗಿದೆ ಎಂದು ಪಕ್ಕಕ್ಕಿಟ್ಟುಕೊಂಡ. ಯೂರಿಯಾ ಎಂದರೆ ಗದ್ದೆಗೆ ಹಾಕುವ ಗೊಬ್ಬರವಲ್ಲವೇ, ಹಾಕಿದರೆ ಚರ್ಮ ಇನ್ನಷ್ಟು ಬೆಳೆದರೆ ಏನು ಗತಿ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಆದರೂ ಧೈರ್ಯ ತಂದುಕೊಂಡ.

ಇನ್ನು ಮುಂದಿನದು ಪಾಲಿಶ್ ಕಸುಬಿನವನು ಮಾತ್ರ ಮಾಡಬಲ್ಲ ಕೆಲಸ. ಯಾವುದೇ ಮೇಲ್ಮೈಗೆ ಏನಾದರೂ ಹಚ್ಚುವ ಮೊದಲು ಅದನ್ನು ಹದ ಮಾಡಬೇಕು ತಾನೇ? ಹದ ಮಾಡುವುದು ಹೇಗೆ? ಜೇಬಿನಿಂದ ನೂರಿಪ್ಪತ್ತನೇ ನಂಬರಿನ ಒರಟು ಉಪ್ಪುಕಾಗದ ತೆಗೆದು ತನ್ನ ಎರಡೂ ಅಂಗೈಗಳನ್ನು, ಮರವನ್ನು ಎಳೆಯ ದಿಕ್ಕಿಗೆ ಉಜ್ಜುವ ಹಾಗೆ, ಚೆನ್ನಾಗಿ ಉಜ್ಜಿದ! ಹುಡಿ ಊದಿದ. ಒದ್ದೆ ಬಟ್ಟೆಯಲ್ಲಿ ಒರೆಸಿದ. ತೆಳ್ಳಗೆ ಹತ್ತು ಸಲ ಹಚ್ಚು, ದಪ್ಪಗೆ ಒಂದು ಸಲ ಹಚ್ಚಬೇಡ ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದ ಮನುಷ್ಯ, ತನ್ನ ಕೈಯ ಸರದಿ ಬಂದಾಗ ಅರ್ಧ ಟ್ಯೂಬನ್ನು ಒಂದೇ ಸಲಕ್ಕೆ ಹಿಂಡಿದ. ಬೇಗ ಒಳಗಿಳಿಯಲಿ ಎಂದು ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಹಲ್ಲಿನಿಂದ ಎಳೆದು ರಬ್ಬರ್ ಬ್ಯಾಂಡ್ ಬಿಗಿದ.

ಐದು ನಿಮಿಷ ಬೆಚ್ಚಗಿತ್ತು. ಆರನೆಯ ನಿಮಿಷಕ್ಕೆ ಉರಿ. ಏಳನೆಯದಕ್ಕೆ ಅಂಗೈಯಪ್ಪ ಮಣೆಯಿಂದೆದ್ದು ಕುಣಿಯತೊಡಗಿದ. ನಲ್ಲಿ ತಿರುಗಿಸೋಣ ಎಂದರೆ ಕೈ ಜಾರುತ್ತದೆ, ಚೀಲ ಬಿಚ್ಚೋಣ ಎಂದರೆ ಬೆರಳಿಗೆ ಹಿಡಿತವಿಲ್ಲ. ಬಸ್ಸು ತಪ್ಪಿಸಿಕೊಂಡು ವಾಪಸಾದ ಹೆಂಡತಿ ಬಾಗಿಲು ತೆಗೆದು ಒಳಗೆ ಬಂದಾಗ ಅವನು ಹಜಾರದಲ್ಲಿ ಎರಡು ಚೀಲ ಬೀಸುತ್ತ ಸುತ್ತು ಹಾಕುತ್ತಿದ್ದ.

“ಇದೇನ್ರೀ ಅವತಾರ?”

“ಬಿಚ್ಚೇ! ಮೊದಲು ಬಿಚ್ಚು! ಆಮೇಲೆ ಬೈ!”

ಅವಳು ಬಿಚ್ಚಿದಳು, ನಲ್ಲಿಯಡಿ ಹತ್ತು ನಿಮಿಷ ಕೈ ಹಿಡಿಸಿದಳು, ನೀರು ಬಿದ್ದಷ್ಟು ಹೊತ್ತೂ ಬೈದಳು. ಎರಡೂ ಅಂಗೈ ಕೆಂಪಗೆ ಊದಿದ್ದವು. ಏನಾಯಿತೆಂದು ಕೇಳಿದ್ದಕ್ಕೆ ಹೊಸ ಪಾಲಿಶ್ ಒಗ್ಗಲಿಲ್ಲ ಎಂದ. ಅವನು ಸುಳ್ಳು ಹೇಳುವಾಗ ಕಿವಿ ಎಳೆದುಕೊಳ್ಳುತ್ತಾನೆ ಎಂಬುದು ಅವಳಿಗೆ ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಇವತ್ತು ಕಿವಿ ಎಳೆಯಲು ಹೋಗಿ ಅಯ್ಯೋ ಎಂದು ಕೈ ಕೆಳಗಿಳಿಸಿದ. ಅವಳು ಮುಂದೆ ಕೇಳಲಿಲ್ಲ, ಆದರೆ ನಂಬಲೂ ಇಲ್ಲ.

ಪೆಟ್ಟು ತಿಂದ ಮೇಲಾದರೂ ಬುದ್ಧಿ ಬರಬೇಕಲ್ಲ? ವಾರದಲ್ಲಿ ಕೆಂಪು ಇಳಿದ ಮೇಲೆ ನೋಡಿದರೆ ಅಲ್ಲಲ್ಲಿ ಸತ್ತ ಚರ್ಮ ಸುಲಿದು ಅಂಗೈ ತುಸು ಮೆತ್ತಗಾಗಿತ್ತು. ಅಷ್ಟು ಸಾಕಾಯಿತು ಅವನಿಗೆ. ಪ್ರಮಾಣ ಹೆಚ್ಚಾಗಿತ್ತು ಅಷ್ಟೇ, ಔಷಧಿ ಒಳ್ಳೆಯದೇ ಎಂದು ತೀರ್ಮಾನಿಸಿ, ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದ. ಕಾರ್ಖಾನೆಯಲ್ಲಿ ಹಲಗೆ ರಾಶಿಯ ಹಿಂದೆ ಹೋಗಿ ಕದ್ದು ಹಚ್ಚಿಕೊಳ್ಳುವುದು, ಏನೂ ಆಗದವನಂತೆ ಕೆಮ್ಮುತ್ತ ಹೊರಬರುವುದು.

ಅದೇ ವಾರ ಯಾವುದೋ ದೊಡ್ಡ ಕಚೇರಿಯ ಸಭೆಯ ಮೇಜು ತಯಾರಾಗಿತ್ತು. ಹದಿನಾರು ಅಡಿ ಉದ್ದ, ಒಂದೇ ಮರದ ಹಲಗೆಗಳು. ಲಂಬು ಎರಡು ವಾರ ಉಜ್ಜಿದ್ದ. ಇಂಥ ಮೇಜಿಗೆ ಕೈ ತನ್ನ ಪೂರ್ತಿ ಹದದಲ್ಲಿರಬೇಕೆಂದು ಅಂಗೈಯಪ್ಪ ಹಲಗೆ ರಾಶಿಯ ಹಿಂದೆ ಹೋಗಿ ಧಾರಾಳವಾಗಿ ಹಚ್ಚಿಕೊಂಡು ಬಂದ. ಕನ್ನಡಕ ತೆಗೆದ. ಕಣ್ಣು ಮುಚ್ಚಿದ. ಅಂಗೈ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಇಷ್ಟು ನುಣ್ಣಗೆ ಯಾವ ಮೇಜೂ ಅವನ ಕೈಗೆ ಸಿಕ್ಕಿರಲಿಲ್ಲ! ಸಂತೋಷ ತಡೆಯಲಾರದೆ ಹನ್ನೊಂದು ಕಡೆ ಕೈ ಊರಿ ಊರಿ ನೋಡಿದ. “ಹೋಗ್ಲಿ!” ಎಂದ.

ಮಾರನೆಯ ಬೆಳಿಗ್ಗೆ ಬಣ್ಣ ಹಾಕಿ ಪಾಲಿಶಿನ ಮೊದಲ ಕೈ ಎಳೆದರು. ಬರಿ ಮರಕ್ಕೆ ಜಿಡ್ಡು ತಾಗಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಪಾಲಿಶ್ ಕೂರುವುದಿಲ್ಲ. ಇದನ್ನು ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟವನು ಯಾರು? ಅಂಗೈಯಪ್ಪನೇ. ಹೊಳೆಯುವ ಕಂದು ಮೇಜಿನ ಮೇಲೆ ಒಂದೊಂದಾಗಿ ಹನ್ನೊಂದು ಬಿಳಿಚಿದ ಅಂಗೈಗಳು ಎದ್ದು ಬಂದವು. ಐದೈದು ಬೆರಳು, ರೇಖೆ ಸಮೇತ. ಕೈ ನೋಡಿ ಭವಿಷ್ಯ ಹೇಳುವವರನ್ನು ಕರೆಸಬಹುದಿತ್ತು.

ಯಾರ ಕೈ ಎಂದು ಯಾರೂ ಕೇಳಲಿಲ್ಲ. ಅಷ್ಟು ಅಗಲವಾಗಿ, ಅಷ್ಟು ಅಧಿಕಾರದಿಂದ ಮರದ ಮೇಲೆ ಕೈ ಊರುವ ಆಸಾಮಿ ಅಲ್ಲಿ ಒಬ್ಬನೇ. ಆದರೂ ಹಿರಿಯ ಎಂಬ ಗೌರವಕ್ಕೆ ಎಲ್ಲರೂ ಅತ್ತಿತ್ತ ನೋಡಿದರು. ಒಬ್ಬ ಸೂರು ನೋಡಿದ, ಒಬ್ಬ ಉಗುರು ನೋಡಿಕೊಂಡ. ಲಂಬು ಮಾತ್ರ ತನ್ನ ಎರಡು ವಾರವನ್ನೇ ನೋಡುತ್ತ ನಿಂತಿದ್ದ.

“ನಂದೇ” ಎಂದ ಅಂಗೈಯಪ್ಪ. “ಕ್ರೀಮ್ ಹಚ್ಕೊಂಡಿದ್ದೆ.”

“ಕ್ರೀಮಾ?” ಯಾರೋ ಹಿಂದಿನಿಂದ ಕೇಳಿದರು. ಯಾರೋ ಫಕ್ಕನೆ ನಕ್ಕರು. ಈ ವಯಸ್ಸಿನಲ್ಲಿ ಯಾರಿಗಾಗಿ ಕ್ರೀಮು ಅಣ್ಣಾ ಎಂದು ಇನ್ನೊಬ್ಬ ಗೊಣಗಿದ. ಡ್ರೈವರಂತೂ ಹೊಟ್ಟೆ ಹಿಡಿದುಕೊಂಡ: “ಹಿಮ್ಮಡಿಗಲ್ವಾ ತಗೊಂಡಿದ್ದು?”

ಅಂಗೈಯಪ್ಪನಿಗೆ ಸಿಟ್ಟು ನೆತ್ತಿಗೇರಿತು. “ನಗ್ತೀರಾ? ನಗಿ! ನನ್ನ ಕೈಗೆ ಒಂದು ವರ್ಷದಿಂದ ಏನೂ ಗೊತ್ತಾಗ್ತಿಲ್ಲ! ನಿಮ್ಮ ಮುಖ ನೋಡ್ಕೊಂಡು ಪಾಸು ಮಾಡ್ತಿದ್ದೆ. ಸಾಕಾ? ನಗಿ ಈಗ!”

ಯಾರೂ ನಗಲಿಲ್ಲ. ಆಡಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿದ. ಲಂಬು ಒಂದು ಸ್ಟೂಲು ಎಳೆದು ತಂದು ಪಕ್ಕದಲ್ಲಿಟ್ಟ. “ಕೂತ್ಕೊಳ್ಳಿ ಅಣ್ಣಾ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಂಗೈಯಪ್ಪ ಕೂರಲಿಲ್ಲ.

ಓನರು ಚಿಕ್ಕ ವಯಸ್ಸಿನವನು, ಚಡ್ಡಿ ಹಾಕಿಕೊಂಡು ಹಲಗೆ ರಾಶಿಯ ಮೇಲೆ ಹತ್ತಿಳಿಯುತ್ತಿದ್ದ ಕಾಲದಿಂದ ಅಂಗೈಯಪ್ಪನನ್ನು ಮಾಮ ಎಂದೇ ಕರೆದವನು. ಒಳಗೆ ಕರೆದು ಕೂರಿಸಿ, ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. “ಮಾಮ, ಆರು ವಾರ ಗೋಡೌನ್ ನೋಡ್ಕೊಳ್ಳಿ. ಕೈಗೆ ಏನು ಬೇಕೋ ಸರಿಯಾಗಿ ಮಾಡಿಸ್ಕೊಳ್ಳಿ. ಅಲ್ಲಿವರೆಗೆ ಲಂಬು ನೋಡ್ತಾನೆ. ಆಮೇಲೆ ಒಂದು ಪರೀಕ್ಷೆ. ಗೊತ್ತಾದ್ರೆ ನಿಮ್ಮ ಜಾಗ ನಿಮ್ದು.”

“ಗೊತ್ತಾಗ್ಲಿಲ್ಲ ಅಂದ್ರೆ?”

“ಗೋಡೌನೂ ಒಳ್ಳೇ ಜಾಗಾನೇ ಮಾಮ. ಫ್ಯಾನಿದೆ” ಎಂದ ಓನರು, ಕಣ್ಣು ತಪ್ಪಿಸಿ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಒಂದು ವರ್ಷದ್ದನ್ನೂ. ಅವಳು ನಡುವೆ ಬಾಯಿ ಹಾಕದೆ ಕೇಳಿ, “ಇಷ್ಟನ್ನ ಹೊಟ್ಟೇಲಿಟ್ಕೊಂಡು ಊಟ ಸೇರಲ್ಲ ಅಂತಿದ್ರಾ?” ಎಂದಳು. ಆಮೇಲೆ ಅವನನ್ನು ಹೊರಡಿಸಿಕೊಂಡು ಔಷಧಿ ಅಂಗಡಿಗೆ ನಡೆದಳು.

“ಬನ್ನಿ, ಹಿಮ್ಮಡಿ ಹೇಗಿದೆ ಈಗ?” ಎಂದಳು ಅಂಗಡಿಯಾಕೆ.

“ನನ್ನ ಹಿಮ್ಮಡಿಗೇನಾಗಿದೆ?” ಹೆಂಡತಿ ಚಪ್ಪಲಿ ಬಿಟ್ಟು ಕಾಲನ್ನೇ ಮೆಟ್ಟಿಲ ಮೇಲಿಟ್ಟು ತೋರಿಸಿದಳು. ಹಿಮ್ಮಡಿ ನುಣ್ಣಗಿತ್ತು. ಅಂಗಡಿಯಾಕೆ ಹಿಮ್ಮಡಿಯನ್ನೂ ಅಂಗೈಯಪ್ಪನನ್ನೂ ಒಂದೊಂದು ಸಲ ನೋಡಿದಳು. ಅವನು ಜೇಬಿನಿಂದ ಎರಡೂ ಕೈ ಹೊರತೆಗೆದು ಕಟ್ಟೆಯ ಮೇಲಿಟ್ಟ.

ಅವತ್ತು ಅವನಿಗೆ ಬಿದ್ದ ಮಂಗಳಾರತಿಯನ್ನು ಇಲ್ಲಿ ಪೂರ್ತಿ ಬರೆಯುವುದು ಬೇಡ. ಉಪ್ಪುಕಾಗದದ ಸಂಗತಿ ಕೇಳಿದಾಗಲಂತೂ ಆಕೆ ತಲೆಯ ಮೇಲೆ ಕೈ ಹೊತ್ತಳು. “ಹಿಮ್ಮಡಿದು ಅಂತ ಸುಳ್ಳು ಹೇಳಿ, ಹಸಿ ಚರ್ಮದ ಮೇಲೆ ಜೋರಿನ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಕಟ್ಟಿದ್ರೆ ಉರಿಯದೆ ಇನ್ನೇನಾಗುತ್ತೆ? ಮುಚ್ಚಿದಷ್ಟೂ ಔಷಧಿ ಜಾಸ್ತಿ ಒಳಗೆ ಹೋಗುತ್ತೆ. ಇನ್ನು ಮುಟ್ಟಿದ್ದೇ ಗೊತ್ತಾಗಲ್ಲ ಅಂದ್ರೆ ನಾನು ಒಂದು ಹನೀನೂ ಕೊಡಲ್ಲ. ಮೊದಲು ಚರ್ಮದ ಡಾಕ್ಟರು ನೋಡ್ಲಿ.”

ಡಾಕ್ಟರು ಹತ್ತಿಯ ಎಳೆ ಸೋಕಿಸಿ ನೋಡಿದರು, ಮೊಂಡು ಸೂಜಿ ಮುಟ್ಟಿಸಿ ನೋಡಿದರು, ಬಿಸಿ ತಣ್ಣಗೆ ಗೊತ್ತಾಗುತ್ತದೆಯೇ ಎಂದು ನೋಡಿದರು. ನರಕ್ಕೇನೂ ಆಗಿಲ್ಲ, ಮೇಲಿನ ಚರ್ಮ ಒಣಗಿ ದಪ್ಪಗಟ್ಟಿದೆ, ಥಿನ್ನರು ಬಿಟ್ಟರೆ ಅರ್ಧ ವಾಸಿ ಎಂದರು. ಮೊದಲು ಔಷಧಿ ಇಲ್ಲದ ಬರೀ ಜಿಡ್ಡಿನ ಮುಲಾಮು, ಬಿರುಕು ಕೂಡಿಕೊಳ್ಳುವವರೆಗೆ. ಆಮೇಲೆ ಯೂರಿಯಾ ಕಡಿಮೆ ಇರುವ ಸೌಮ್ಯವಾದ ಕ್ರೀಮು, ಅದನ್ನೂ ಮೊದಲು ಮಣಿಕಟ್ಟಿನ ಹತ್ತಿರ ಒಂದು ಚೂರು ಹಚ್ಚಿ, ಒಂದು ದಿನ ನೋಡಿ, ಕೆಂಪಾಗದಿದ್ದರೆ ಮಾತ್ರ. ಚೀಟಿ ಬರೆದು ಅವನ ಕೈಗೆ ಕೊಡಲು ಹೋದವರು ಏನನ್ನೋ ಯೋಚಿಸಿ ಹೆಂಡತಿಯ ಕೈಗೆ ಕೊಟ್ಟರು.

ಅಲ್ಲಿಂದ ಮುಂದೆ ಟ್ಯೂಬಿನ ಯಜಮಾನಿಕೆ ಅವಳದು. ಬೀರುವಿನಲ್ಲಿಟ್ಟು ಬೀಗ ಹಾಕಿದಳು. ದಿನಕ್ಕೆ ಎರಡೇ ಸಲ ಹೊರಗೆ ಬರುತ್ತಿತ್ತು. ಕೈ ತೊಳೆದು, ಒರೆಸಿ, ಇನ್ನೂ ತುಸು ತೇವವಿರುವಾಗ ಬಟಾಣಿ ಕಾಳಿನಷ್ಟು. ಅವನು “ಇನ್ನೊಂಚೂರು” ಎಂದರೆ “ಜಾಸ್ತಿ ಹಚ್ಚಿದ್ರೆ ಬೇಗ ವಾಸಿಯಾಗಲ್ಲ, ಬೇಗ ಖಾಲಿಯಾಗುತ್ತೆ” ಎನ್ನುತ್ತಿದ್ದಳು. ತಾನೇ ಹಚ್ಚಿದರೆ ಮತ್ತೆ ಮಿತಿಮೀರುತ್ತಾನೆಂದು ಹಚ್ಚುವ ಕೆಲಸವನ್ನೂ ಅವಳೇ ಮಾಡಿದಳು. ಯೂರಿಯಾ ಕ್ರೀಮು ಶುರುವಾದ ಮೊದಲ ದಿನ ಬರಿಗೈಯಲ್ಲಿ ಹಚ್ಚಲು ಹೋಗಿ, ಸ್ಸ್ ಎಂದು ಕೈ ಎಳೆದುಕೊಂಡು ನಲ್ಲಿಗೆ ಓಡಿದಳು. ಮಾರನೆಯ ದಿನದಿಂದ ಅಂಗಡಿಯಾಕೆ ಹೇಳಿದಂತೆ ತೆಳು ಗ್ಲೌಸು ತೊಟ್ಟಳು. ಏನಾಯಿತೆಂದು ಅವನು ಕೇಳಲಿಲ್ಲ, ಅವನ ಲಕ್ಷ್ಯವೆಲ್ಲ ತನ್ನ ಅಂಗೈ ಮೇಲಿತ್ತು.

ಕ್ರೀಮು ಒಳಗಿಳಿಯುವವರೆಗೆ ಅವನದು ಮನೆಯೊಳಗೇ ಗಡೀಪಾರು. ಅಡುಗೆಮನೆಗೆ ಕಾಲಿಡುವಂತಿಲ್ಲ, ಕ್ರೀಮು ಮೆತ್ತಿದ ಅಂಗಿ ತೋಳು, ಟವೆಲು ಬೆಂಕಿಗೆ ತಾಗಿದರೆ ಭಗ್ಗೆನ್ನುತ್ತದಂತೆ. ಕಣ್ಣು ಉಜ್ಜುವಂತಿಲ್ಲ. ಲೋಟ ಹಿಡಿಯುವಂತಿಲ್ಲ, ಎರಡು ಲೋಟ ಆಗಲೇ ಜಾರಿ ಬಿದ್ದಿದ್ದವು. ಮೂಗು ತುರಿಸಿದರೆ ಅವಳನ್ನೇ ಕೂಗಬೇಕು. “ಮೂವತ್ತು ವರ್ಷ ಆಯ್ತು, ಈಗ ನಿಮ್ಮ ಮೂಗು ತುರಿಸೋ ಯೋಗ ಬಂತು ನೋಡಿ” ಎಂದು ನಗುತ್ತ ಬಂದು ತುರಿಸಿ ಹೋಗುತ್ತಿದ್ದಳು. ಅವಳ ಅಧಿಕಾರ ನೋಡಿ ಅಂಗೈಯಪ್ಪ ಒಳಗೊಳಗೇ ಮೆಚ್ಚಿಕೊಂಡ.

ಗೋಡೌನಿನಲ್ಲಿ ಹತ್ತಿಯ ಗ್ಲೌಸು ಹಾಕಿ ಹಲಗೆ ಜೋಡಿಸುತ್ತಿದ್ದ. ಫ್ಯಾನು ಇತ್ತು, ಅದು ನಿಜ. ಬಿಡುವಾದಾಗಲೆಲ್ಲ ಗ್ಲೌಸು ತೆಗೆದು ಸಿಕ್ಕಿದ್ದನ್ನೆಲ್ಲ ಸವರಿ ನೋಡುತ್ತಿದ್ದ: ಗೋಡೆ, ಪತ್ರಿಕೆ, ಪಕ್ಕದ ಮನೆಯ ಸ್ಕೂಟರಿನ ಸೀಟು. ಒಮ್ಮೆ ಮಲಗಿದ್ದ ಬೆಕ್ಕಿನ ಬೆನ್ನನ್ನು ಕಣ್ಣು ಮುಚ್ಚಿ ಸವರಲು ಹೋಗಿ ಪರಚಿಸಿಕೊಂಡ. ಮೂರನೆಯ ವಾರ ಬಿರುಕು ಮುಚ್ಚಿತು. ನಾಲ್ಕನೆಯ ವಾರ ಬೆರಳು ಮಡಚಿದರೆ ಚರ್ಮವೂ ಜೊತೆಗೆ ಮಡಚುವಂತಾಯಿತು. ಐದನೆಯ ವಾರವೂ ಮುಗಿಯಿತು. ಆದರೆ ಮರ ಮಾತ್ರ ಮಾತಾಡಲಿಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ಕೈಯಿಟ್ಟರೆ ನುಣುಪೋ ಒರಟೋ ಎಂಬ ಅನುಮಾನವೇ ಉಳಿಯುತ್ತಿತ್ತು. ಅವನು ಮತ್ತೆ ಊಟ ಬಿಟ್ಟ. ಗೋಡೌನಿನಲ್ಲಿ ಕುರ್ಚಿ ಯಾವ ಮೂಲೆಗೆ ಹಾಕಿದರೆ ಗಾಳಿ ಬರುತ್ತದೆ ಎಂದು ನೋಡಿಕೊಂಡೂ ಬಂದ.

ಆರನೆಯ ವಾರದ ಪರೀಕ್ಷೆ ಏನಾಯಿತೆಂಬ ಆತಂಕ ನಿಮಗೆ ಬೇಡ, ಇಲ್ಲೇ ಹೇಳಿಬಿಡುವುದು ವಾಸಿ. ಅಂಗೈಯಪ್ಪ ಗೆದ್ದ. ಐದು ಹಲಗೆಗಳಲ್ಲಿ ಮೂರನೆಯದರ ಬಲ ಅಂಚಿನ ಹತ್ತಿರ ಏನೋ ಇದೆ ಎಂದ. ಬಗ್ಗಿ ನೋಡಿ, ಅಲ್ಲಿದ್ದ ಕೂದಲೆಳೆಯಷ್ಟು ಗೀರು ಕಂಡು ಮೊದಲು ಶಿಳ್ಳೆ ಹಾಕಿದವನು ಲಂಬುವೇ. ಆದರೆ ಅವನ ಕೈಗೆ ಜೀವ ಮರಳಿದ್ದು ಆ ದಿನವಲ್ಲ, ಆ ಹಲಗೆಯ ಮೇಲೂ ಅಲ್ಲ. ಅದಕ್ಕೆ ಎರಡು ದಿನ ಮೊದಲು, ಮನೆಯಲ್ಲಿ.

ಭಾನುವಾರ ಮಧ್ಯಾಹ್ನದ ಹೊತ್ತು. ಒಗೆದು ಒಣಗಿದ ದೊಡ್ಡ ಹಾಸಿಗೆ ಹೊದಿಕೆಯನ್ನು ಮಡಚಬೇಕಿತ್ತು, ಒಬ್ಬರಿಂದ ಆಗುವ ಕೆಲಸವಲ್ಲ. ಅವಳು ಎರಡು ಮೂಲೆ ಹಿಡಿದಳು, ಅವನು ಎರಡು ಮೂಲೆ ಹಿಡಿದ. ಕೊಡವಿದರು, ನಡುವಿಗೆ ಮಡಚಿದರು, ಮೂಲೆ ಕೊಡಲು ಒಬ್ಬರ ಎದುರಿಗೆ ಒಬ್ಬರು ನಡೆದು ಬಂದರು. ಅವಳ ಕೈ ಅವನ ಅಂಗೈಗೆ ತಾಗಿತು.

ಹೊದಿಕೆಯ ಅಂಚಿನ ಹೊಲಿಗೆ ಇರಬೇಕು ಎಂದುಕೊಂಡ ಮೊದಲು. ಹೊಲಿಗೆ ಅಲ್ಲ. ಹೊದಿಕೆ ಬಿಟ್ಟುಬಿಟ್ಟ. ಅದು ನೆಲಕ್ಕೆ ಬಿತ್ತು.

“ಅಯ್ಯೋ, ಈಗ ತಾನೇ ಒಗೆದದ್ದು ರೀ!”

“ಸುಮ್ಮನಿರು. ಕೈ ಕೊಡು.”

ಕನ್ನಡಕ ತೆಗೆದು ಜೇಬಿಗೆ ಇಳಿಸಿದ. ಕಣ್ಣು ಮುಚ್ಚಿದ. ಅವಳ ಬಲಗೈಯನ್ನು ಎಡಗೈಯಲ್ಲಿ ಬಿಡಿಸಿ ಹಿಡಿದು, ಅದರ ಮೇಲೆ ತನ್ನ ಅಂಗೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ನಿಧಾನವಾಗಿ ಎಳೆದ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದ.

“ಬಂತು ಕಣೇ!” ಎಂದು ಕೂಗಿದ. “ಕೈ ಬಂತು! ಇಲ್ಲಿ ಹೆಬ್ಬೆರಳ ಬುಡದಲ್ಲಿ ಮೂರು ಬಿರುಕು. ಮೂರಲ್ಲ, ನಾಲ್ಕು! ನಾಲ್ಕನೇದು ಹಸಿಯಾಗಿದೆ. ಇಲ್ಲಿ ನೋಡು, ತೋರುಬೆರಳ ಪಕ್ಕ ಗೀಟು ಎಳೆದ ಹಾಗೆ ಗಟ್ಟಿ, ಇದು ಪಾತ್ರೆ ಉಜ್ಜೋ ನಾರಿನದು. ಇಲ್ಲೆಲ್ಲ ಚರ್ಮ ಸಿಪ್ಪೆ ಸಿಪ್ಪೆ. ಅಬ್ಬಬ್ಬಾ, ಎಷ್ಟು ಒರಟೇ ನಿನ್ನ ಕೈ! ಗರಗಸ! ಒಂದೂ ಬಿಡದ ಹಾಗೆ ಎಲ್ಲ ಗೊತ್ತಾಗ್ತಿದೆ ನಂಗೆ!”

ಅವಳು ಮೊದಲು ನಕ್ಕಳು. ಅವನ ಖುಷಿಗೇ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಅವನು ಎಣಿಸುತ್ತಲೇ ಹೋದ. ಎಣಿಸುತ್ತ ಎಣಿಸುತ್ತ, ತಾನೊಬ್ಬನೇ ಮಾತಾಡುತ್ತಿದ್ದೇನೆ ಎಂದು ಗೊತ್ತಾಗಿ ಕಣ್ಣು ಬಿಟ್ಟ. ಅವಳು ನಗುತ್ತಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡುತ್ತಿದ್ದಳು, ಯಾರೋ ಹೊರಗಿನವರ ಎದುರು ನಾಚಿಕೊಂಡಂತೆ.

“ಯಾವಾಗಿಂದ ಹೀಗಿದೆ?” ಎಂದ.

“ಇದೇನು ಇವತ್ತಿನದಾ? ದೊಡ್ಡವಳು ಹುಟ್ಟಿದ ವರ್ಷದಿಂದ. ಸೋಪಿನ ನೀರು ಮುಟ್ಟಿದ್ರೆ ಸಾಕು, ಒಡೆಯುತ್ತೆ.”

ದೊಡ್ಡ ಮಗಳಿಗೆ ಇಪ್ಪತ್ತಾರು. ಅಂಗೈಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತನ್ನ ಕೈ ಕಿವುಡಾಗಿದ್ದದ್ದು ಒಂದೇ ವರ್ಷ. ಮಿಕ್ಕ ಇಪ್ಪತ್ತೈದು ವರ್ಷ ಅದು ಊರಲ್ಲೇ ಇಲ್ಲದಂಥ ಕೈ, ಬಣ್ಣದ ಅಡಿಯ ಕೂದಲನ್ನು ಹಿಡಿದ ಕೈ. ಆ ಇಪ್ಪತ್ತೈದು ವರ್ಷವೂ ಇವಳ ಕೈಯಿಂದ ತಟ್ಟೆ ಇಸಿದುಕೊಂಡಿದ್ದಾನೆ, ಲೋಟ ಇಸಿದುಕೊಂಡಿದ್ದಾನೆ, ಬೆನ್ನು ತಿಕ್ಕಿಸಿಕೊಂಡಿದ್ದಾನೆ. ತಪ್ಪನ್ನು ಒಣ ಚರ್ಮದ ಮೇಲೆ ಹಾಕೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ.

“ಹೋಗ್ಲಿ ಬಿಡಿ. ನಿಮ್ಮ ಕೈ ಸರಿಹೋಯ್ತಲ್ಲ, ಅದು ಮುಖ್ಯ. ಹೊದಿಕೆ ಎತ್ತಿ” ಎಂದಳು.

ಅವನು ಎತ್ತಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿ ಎಂದು ಕೇಳಲು ಬಾಯಿ ತೆರೆದ. ಹಸಿ ಬಿರುಕಿಗೆ ತನ್ನ ಕ್ರೀಮು ಆಗದು, ಅವಳದ್ದನ್ನು ಡಾಕ್ಟರೇ ಬೇರೆಯಾಗಿ ನೋಡಬೇಕು ಎಂದು ಹೊಳೆದು ಸುಮ್ಮನಾದ. ನಾಳೆ ಬೆಳಿಗ್ಗೆ ಕಾರ್ಖಾನೆಗೆ ರಜೆ, ಇಬ್ಬರೂ ಹೋಗುವುದು, ಅಲ್ಲಿಯವರೆಗೆ ಇವಳು ಪಾತ್ರೆ ಮುಟ್ಟಕೂಡದು ಎಂದು ಜೋರಾಗಿಯೇ ಹೇಳಿದ. ಪಾತ್ರೆ ಯಾರು ನಿಮ್ಮಪ್ಪ ತೊಳೀತಾರಾ ಎಂದಳು. ರಬ್ಬರ್ ಗ್ಲೌಸು ಹಾಕ್ಕೊಂಡು ನಾನು ತೊಳೀತೀನಿ ಎಂದ. ಅವಳು ನಂಬದವಳಂತೆ ನೋಡಿದಳು, ಅವನ ಕೈ ಕಿವಿಯ ಕಡೆ ಹೋಗಲಿಲ್ಲ.

“ಬಿಡ್ರೀ ಈಗ, ಕೆಲಸ ಇದೆ.”

“ತಾಳು. ಒಂದೇ ನೋಡಿದ್ದು” ಎಂದ ಅಂಗೈಯಪ್ಪ. “ಎಡಗೈ ಕೊಡು.”

ಅವಳು ಎಡಗೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಅವನ ಮುಂದೆ ಚಾಚಿದಳು.